ಎಂಟನೆಯ ಬೋಲ್ಟು

ಮೇ ತಿಂಗಳ ಮಧ್ಯಾಹ್ನ ಗಜೇಂದ್ರಗಡದ ಗುಡ್ಡದ ಮೇಲಿನ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳನ್ನು ನೋಡುತ್ತ ಕುಳಿತರೆ ಎಚ್ಚರ ಯಾವುದು, ಜೊಂಪು ಯಾವುದು ತಿಳಿಯುವುದಿಲ್ಲ. ರೆಕ್ಕೆ ಮೇಲೇರುತ್ತದೆ, ತಡೆಯುತ್ತದೆ, ಇನ್ನೇನು ನಿಂತೇಬಿಟ್ಟಿತು ಅನ್ನುವಾಗ ಕೆಳಗಿಳಿಯುತ್ತದೆ. ನಮ್ಮ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನಾನು ಕಾರಿನ ಎಂಜಿನ್ ಬಿಚ್ಚಿ ಹರವಿಕೊಂಡು ಕುಳಿತ ಬೇಸಿಗೆಯೂ ನೆನಪಿನಲ್ಲಿ ಹಾಗೆಯೇ ತಿರುಗುತ್ತದೆ. ಕೆಲವು ದಿನಗಳು ನಿಚ್ಚಳವಾಗಿ ಕಾಣುತ್ತವೆ, ಕೆಲವು ಬಿಸಿಲಿನ ಝಳದಲ್ಲಿ ಕದಲುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಹೊರಟರೆ ಹೆಂಡತಿ ನಡುವೆ ಬಾಯಿ ಹಾಕಿ ತಿದ್ದುತ್ತಾಳೆ. ಎಂಟನೆಯ ಬೋಲ್ಟಿನ ವಿಷಯ ಮಾತ್ರ ಇಬ್ಬರಿಗೂ ಒಂದೇ ರೀತಿ ನೆನಪಿದೆ.

ನಾನು ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವವನು. ಬಜಾರದಲ್ಲಿ ಹತ್ತಡಿ ಅಗಲದ ಅಂಗಡಿ. ಪುರ್ತಗೇರಿ, ಲಕ್ಕಲಕಟ್ಟಿ, ಮುಶಿಗೇರಿಯ ರೈತರು ಸುಟ್ಟ ಮೋಟಾರನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. ಅದನ್ನು ಇಳಿಸುವ ಮೊದಲೇ ಲಗೂ ಮಾಡಿಕೊಡಿ ಎನ್ನುತ್ತಾರೆ. ನಾನು ಮೊದಲು ಬೈಯುತ್ತೇನೆ, ಆಮೇಲೆ ಮಾಡಿಕೊಡುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತು. ಕೈಯ ಸೊಕ್ಕೂ ಅಷ್ಟೇ ಇತ್ತು. ಮೂವತ್ತು ವರ್ಷ ನಟ್ಟು ಬೋಲ್ಟು ಬಿಗಿದ ಕೈಗೆ ಇನ್ನೊಬ್ಬರ ಅಳತೆ ಯಾಕೆ, ಪಾನಾ, ಅಂದರೆ ಸ್ಪ್ಯಾನರು, ಹಿಡಿದರೆ ಸಾಕು, ಎಷ್ಟು ಬೇಕೋ ಅಷ್ಟು ಬಿಗಿಯುತ್ತದೆ ಎಂದು ಎದೆ ಸೆಟೆಸಿಕೊಂಡು ತಿರುಗುತ್ತಿದ್ದವನು ನಾನು.

ಆ ಸೊಕ್ಕಿನಲ್ಲೇ, ನಾನು ಹೇಳುತ್ತಿರುವ ಬೇಸಿಗೆಗೆ ಎರಡು ವರ್ಷ ಮೊದಲು, ನನ್ನ ಹಳೆಯ ಕಾರಿನ ಎಂಜಿನ್ನಿಗೆ ಕೈ ಹಾಕಿದ್ದೆ. ರೇಡಿಯೇಟರಿನ ನೀರು ದಿನಾ ಕಡಿಮೆಯಾಗುತ್ತಿತ್ತು. ಎಂಜಿನ್ನಿನ ಹೆಡ್ ಬಿಚ್ಚಿದೆ. ಹೆಡ್ ಎಂದರೆ ಎಂಜಿನ್ನಿನ ಮುಚ್ಚಳ ಎಂದುಕೊಳ್ಳಿ. ಕೆಳಗೆ ಸಿಲಿಂಡರುಗಳಿರುವ ಬ್ಲಾಕು, ಮೇಲೆ ಈ ಹೆಡ್ಡು, ನಡುವೆ ಹಪ್ಪಳದಷ್ಟು ತೆಳ್ಳಗಿನ ಗ್ಯಾಸ್ಕೆಟ್ಟು, ಮೂರನ್ನೂ ಸೇರಿಸಿ ಹಿಡಿಯಲು ಎಂಟು ಉದ್ದನೆಯ ಬೋಲ್ಟುಗಳು. ಹೊಸ ಗ್ಯಾಸ್ಕೆಟ್ ತಂದೆ. ಬೋಲ್ಟುಗಳು ಗಟ್ಟಿಮುಟ್ಟಾಗಿಯೇ ಕಂಡವು, ಒರೆಸಿ ಅವನ್ನೇ ಹಾಕಿದೆ. ಮೋಟಾರಿನ ಮುಚ್ಚಳ ಬಿಗಿಯುವ ಹಾಗೆ ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಗೆ ಮುಗಿಸಿದೆ, ಒಂದೇ ಸಲಕ್ಕೆ, ತೋಳಿನಲ್ಲಿ ಬಲವಿದ್ದಷ್ಟೂ. ಗಾಡಿ ಚಾಲೂ ಆಯಿತು. ಹೆಂಡತಿಯ ಮುಂದೆ ಮೀಸೆ ತಿರುವಿದೆ.

ಎಂಟು ದಿನವೂ ಆಗಿರಲಿಲ್ಲ. ಹೆಂಡತಿಯ ತವರು ನರಗುಂದ, ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆವು. ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಮಾವ ಬೆವರತೊಡಗಿದರು, ಎದೆ ಹಿಡಿದುಕೊಂಡರು. ಊರಿನ ಡಾಕ್ಟರು ನೋಡಿ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಅಂಬುಲೆನ್ಸಿಗೆ ಫೋನು ಮಾಡುತ್ತೇನೆಂದು ಹೆಂಡತಿಯ ತಮ್ಮ ಎದ್ದ. ಗಾಡಿ ಬಾಗಿಲಲ್ಲೇ ನಿಂತಿದೆ, ಅದರ ದಾರಿ ಯಾಕೆ ಕಾಯುತ್ತೀರಿ ಎಂದವನು ನಾನೇ. ಮಾವನನ್ನು ಹಿಂದಿನ ಸೀಟಿನಲ್ಲಿ ಹೆಂಡತಿಯ ಪಕ್ಕ ಮಲಗಿಸಿ, ಅತ್ತೆಯನ್ನು ಮನೆಯಲ್ಲಿ ಬಿಟ್ಟು ಹೊರಟೆವು. ನವಲಗುಂದ ಇನ್ನೂ ದೂರವಿತ್ತು, ಮುಂದಿನಿಂದ ಬಿಳಿ ಹಬೆ ಎದ್ದು ಗಾಡಿಯ ಗಾಜು ಮುಚ್ಚಿತು. ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತುಬಿಟ್ಟಿತು. ಎರಡೂ ಕಡೆ ಕಪ್ಪು ಹೊಲ, ಕಣ್ಣು ಹರಿಯುವವರೆಗೂ ಒಂದು ಗಿಡದ ನೆರಳಿಲ್ಲ. ಮುಕ್ಕಾಲು ಗಂಟೆಯ ಮೇಲೆ ಒಂದು ಮಾಲಿನ ಟೆಂಪೋ ನಿಂತು ನಮ್ಮನ್ನು ಹತ್ತಿಸಿಕೊಂಡಿತು.

ಮಾವ ಮೂರನೆಯ ದಿನ ದವಾಖಾನೆಯಲ್ಲಿ ತೀರಿಕೊಂಡರು. ಸ್ವಲ್ಪ ಮೊದಲು ಬಂದಿದ್ದರೆ ಚೆನ್ನಾಗಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಎಲ್ಲರಿಗೂ ಹಾಗೇ ಹೇಳುತ್ತಾರೆ ಎಂದು ಜನ ನನ್ನನ್ನು ಸಮಾಧಾನ ಮಾಡಿದರು. ಹೆಂಡತಿ ಏನೂ ಹೇಳಲಿಲ್ಲ. ಬೈಯಲಿಲ್ಲ, ಅತ್ತು ರಂಪ ಮಾಡಲಿಲ್ಲ, ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ. ಆ ಕಾರಿನ ಹತ್ತಿರ ಮಾತ್ರ ಮತ್ತೆ ಸುಳಿಯಲಿಲ್ಲ. ಎಳೆಸಿಕೊಂಡು ತಂದ ಗಾಡಿಯ ಮೇಲೆ ನಾನು ತಾಡಪತ್ರಿ ಹೊದಿಸಿ ಹಿತ್ತಲಿನಲ್ಲಿ ನಿಲ್ಲಿಸಿದೆ. ಆಕೆ ಹಿತ್ತಲಿನ ಹೊಸ್ತಿಲು ದಾಟುವುದನ್ನೇ ಬಿಟ್ಟಳು, ಬಟ್ಟೆಯನ್ನು ಮಾಳಿಗೆಯ ಮೇಲೆ ಒಣಹಾಕತೊಡಗಿದಳು. ತವರಿಗೆ ಹೋಗಬೇಕೆಂದರೆ ರೋಣದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು. ಆಕೆ ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಬೈಯದವರ ಮುಂದೆ ನನ್ನಂಥವನು ಏನು ಮಾಡಬೇಕು?

ಕಾರನ್ನು ಗುಜರಿಗೆ ಹಾಕು ಎಂದು ಬಜಾರದವರು ಎಷ್ಟೋ ಸಲ ಹೇಳಿದರು. ನನಗೆ ಬೇಕಾಗಿದ್ದುದು ಕಾರಲ್ಲ. ಅದನ್ನು ಸರಿಯಾಗಿ ಕಟ್ಟಬೇಕು, ನನ್ನ ಹೆಂಡತಿ ಮತ್ತೊಮ್ಮೆ ಅದರಲ್ಲಿ ಕೂರಬೇಕು, ಇಷ್ಟೇ. ಕೂತರೆ ನನ್ನನ್ನು ಮನ್ನಿಸಿದ್ದಾಳೆ, ಕೂರದಿದ್ದರೆ ಇಲ್ಲ. ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಂಥದೊಂದು ಕರಾರು ಮಾಡಿಕೊಂಡಿದ್ದೆ. ಆಕೆಗೆ ಇದು ಗೊತ್ತೇ ಇರಲಿಲ್ಲ.

ರೋಣದಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಟ್ರ್ಯಾಕ್ಟರ್ ಎಂಜಿನ್ ಕಟ್ಟುವುದರಲ್ಲಿ ಎತ್ತಿದ ಕೈ. ಅವರ ಅಂಗಡಿಗೆ ಹೋದಾಗ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ಬರುವವರೆಗೆ ಎಣ್ಣೆ ಕುಡಿದು ಕಪ್ಪಾದ ಹಲಗೆಯ ಮೇಲೆ ಕೂತೆ. ಬಂದು ಚಹಾ ತರಿಸಿ, ಮೊದಲ ಸಲ ಹೇಗೆ ಬಿಗಿದಿದ್ದಿರಿ ಎಂದು ಕೇಳಿದರು. ಸುಳ್ಳು ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹಳೆಯ ಬೋಲ್ಟು, ಒಂದು ತುದಿಯಿಂದ ಇನ್ನೊಂದು ತುದಿ, ತೋಳಿನ ಬಲ, ಎಲ್ಲ ಒಪ್ಪಿಸಿದೆ. ಅವರು ಬೈಯುತ್ತಾರೆಂದು ತಲೆ ತಗ್ಗಿಸಿ ಕೂತಿದ್ದೆ. ಅವರು ಗೂಡಿನಿಂದ ಒಂದು ಬೋಲ್ಟು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಬೋಲ್ಟ್ ಬಿಗಿಯೂದಂದ್ರ ತಿರುವೂದಲ್ರಿ, ಜಗ್ಗೂದು. ಕಣ್ಣಿಗಿ ಕಾಣದಷ್ಟ ಜಗ್ಗತೈತಿ, ಮತ್ತ ವಾಪಸ್ ಬರಾಕ ನೋಡತೈತಿ. ಆ ವಾಪಸ್ ಬರೂ ಹಟಾನ ಹೆಡ್ಡನ್ನ ಹಿಡದಿರತೈತಿ. ಮಿತಿ ಮೀರಿ ಜಗ್ಗಿದ್ರ ಅದರ ಹಟಾ ಸತ್ತ ಹೋಗತೈತ್ರಿ. ನೋಡಾಕ ಮಾತ್ರ ಹಂಗ ಇರತೈತಿ."

ಉಳಿದದ್ದನ್ನೂ ಅವರೇ ಹೇಳಿಕೊಟ್ಟರು. ನಡುವಿನ ಬೋಲ್ಟುಗಳಿಂದ ಶುರುಮಾಡಿ ಎದುರುಬದುರಾಗಿ ಹೊರಗೆ ಸಾಗಬೇಕು, ಮೂಲೆಯವು ಕೊನೆಗೆ. ಒಂದೇ ಸಲಕ್ಕೆ ಅಲ್ಲ, ಮೂರು ಸುತ್ತು: ಮೊದಲು ಹಗುರಾಗಿ, ಆಮೇಲೆ ಇನ್ನಷ್ಟು, ಮೂರನೆಯದಕ್ಕೆ ಗಾಡಿ ಕಂಪನಿಯ ಪುಸ್ತಕದಲ್ಲಿ ಬರೆದಷ್ಟು. ಹಾಗೆ ಮಾಡಿದರೆ ಗ್ಯಾಸ್ಕೆಟ್ಟು ನಡುವಿನಿಂದ ಅಂಚಿನ ಕಡೆಗೆ ಸಮವಾಗಿ ಕೂರುತ್ತದೆ. ಬೋಲ್ಟಿನ ಥ್ರೆಡ್ಡಿಗೆ ಒಂದು ಹನಿ ಎಣ್ಣೆ ಸವರಬಹುದು, ಆದರೆ ಬ್ಲಾಕಿನ ತೂತುಗಳ ತಳದಲ್ಲಿ ಎಣ್ಣೆಯಾಗಲಿ ಕಸವಾಗಲಿ ಇರಕೂಡದು. ತೂತಿಗೆ ಇನ್ನೊಂದು ಬಾಯಿಲ್ಲ, ಒಳಗಿದ್ದದ್ದು ಹೊರಗೆ ಹೋಗಲು ದಾರಿಯಿಲ್ಲ. ಬೋಲ್ಟು ಮೇಲಿಂದ ಒತ್ತಿದರೆ ಬ್ಲಾಕೇ ಬಿರಿಯುತ್ತದೆ. ಇಷ್ಟು ಹೇಳಿ ತಮ್ಮ ಟಾರ್ಕ್ ಪಾನಾವನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅದರ ಹಿಡಿಕೆಯಲ್ಲಿ ಅಂಕಿಗಳಿವೆ. ಬೇಕಾದ ಅಂಕಿಗೆ ತಿರುವಿಟ್ಟು ಬಿಗಿದರೆ, ಅಷ್ಟು ಬಿಗಿ ಆದಕೂಡಲೇ ಟಕ್ ಎನ್ನುತ್ತದೆ. ಟಕ್ ಎಂದರೆ ಕೈ ಬಿಡಬೇಕು, ಇನ್ನೊಂದು ಚೂರು ಎಂಬ ಆಸೆ ಮಾಡಬಾರದು.

ಎಂಜಿನ್ನನ್ನು ಪೂರಾ ಕೆಳಗಿಳಿಸಿದೆ. ಬಿಸಿಲಿಗೆ ಬಜಾರವೆಲ್ಲ ಕದ ಮುಚ್ಚಿ ಮಲಗುವ ಹೊತ್ತು ನನ್ನ ಕೆಲಸದ ಹೊತ್ತಾಯಿತು. ಗದುಗಿನ ಲೇಥಿನಲ್ಲಿ ಡೊಂಕಾದ ಹೆಡ್ಡನ್ನು ಸಮ ಮಾಡಿಸಿ ತಂದೆ. ಪಿಸ್ಟನ್ನು, ರಿಂಗು, ಬೇರಿಂಗು ಒಂದೊಂದನ್ನೂ ತೊಳೆದು, ಹಳೆಯ ಧೋತರದ ಮೇಲೆ ಸಾಲಾಗಿ ಇಟ್ಟೆ. ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು, ಕೊನೆಯ ಮಗ್ಗವೂ ನಿಂತ ಮೇಲೆ ಗಾಳಿಯ ಸದ್ದು ಮಾತ್ರ ಉಳಿಯುತ್ತಿತ್ತು. ಒಂದು ಹಾಳು ಬೋಲ್ಟನ್ನು ಕಬ್ಬಿಣದ ಪಟ್ಟಿಗೆ ಹಾಕಿ, ಪಾನಾ ಹಿಡಿದು ಅಭ್ಯಾಸ ಮಾಡುತ್ತಿದ್ದೆ. ಟಕ್. ಬಿಚ್ಚು, ಮತ್ತೆ ಬಿಗಿ. ಟಕ್. ಬಿಗಿಯುತ್ತ ಬಿಗಿಯುತ್ತ ಕೂತಲ್ಲೇ ಕಣ್ಣು ಮುಚ್ಚಿ ಹೋಗುತ್ತಿತ್ತು. ಮಾವ ಚಪ್ಪರದ ಕಂಬಕ್ಕೆ ಒರಗಿ ನಿಂತು ಚಹಾ ಕುಡಿಯುತ್ತಿರುವಂತೆ, ಟಕ್ ಎಂದಾಗೊಮ್ಮೆ ತಲೆದೂಗುತ್ತಿರುವಂತೆ ಕಾಣುತ್ತಿತ್ತು. ಹೆದರಿಕೆಯಾಗುತ್ತಿರಲಿಲ್ಲ. ಎಚ್ಚರಾದಾಗ ಕುತ್ತಿಗೆಯ ಬೆವರು ಒಣಗಿ ಉಪ್ಪಾಗಿರುತ್ತಿತ್ತು.

ಆ ಹೊತ್ತಿಗೆ ಹೆಂಡತಿ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತಿರುತ್ತಿದ್ದಳು. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಪದರ ಪದರ ಜೋಡಿಸಿ ಹೊದಿಕೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ದೂರದ ಊರಿನವರೂ ಬಟ್ಟೆಯ ಗಂಟು ಕೊಟ್ಟು ಹೋಗುತ್ತಾರೆ. ತೆರೆದ ಬಾಗಿಲಿನಿಂದ ನನಗೆ ಅವಳ ಕಾಲ ಮೇಲೆ ಹರವಿದ ಕೌದಿಯ ಅಂಚು ಕಾಣುತ್ತಿತ್ತು. ಅವಳಿಗೆ ನನ್ನ ಬೆನ್ನು ಕಾಣುತ್ತಿದ್ದಿರಬೇಕು. ಚಹಾ ತಂದರೆ ಹೊಸ್ತಿಲ ಮೇಲಿಟ್ಟು, ಬಳೆಯ ಸದ್ದು ಮಾಡಿ ಒಳಗೆ ಹೋಗುತ್ತಿದ್ದಳು. ಒಂದು ದಿನವೂ ಎಲ್ಲಿಗೆ ಬಂತು ಎಂದು ಕೇಳಲಿಲ್ಲ. ನನಗೆ ಒಳಗೊಳಗೇ ಕುದಿಯುತ್ತಿತ್ತು. ಒಂದು ಮಾತು ಕೇಳಿದರೆ ಇವಳ ಗಂಟೇನು ಹೋಗುತ್ತದೆ ಎಂದುಕೊಳ್ಳುತ್ತಿದ್ದೆ.

ಹೆಡ್ ಕೂರಿಸುವ ದಿನ ಬೆಳಿಗ್ಗೆ ನಾನೇ ಹೇಳಿದೆ. ಇವತ್ತು ಮುಚ್ಚುತ್ತೇನೆ, ಎಲ್ಲ ಇವತ್ತಿಗೆ ಮುಗಿಯುತ್ತದೆ ಎಂದೆ. ಆಕೆ ಹೂಂ ಎಂದಳು. ಬ್ಲಾಕಿನ ಎಂಟೂ ತೂತುಗಳನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿ, ಸೈಕಲ್ ಪಂಪಿನಿಂದ ಗಾಳಿ ಊದಿ, ಬ್ಯಾಟರಿಯ ಬೆಳಕು ಬಿಟ್ಟು ತಳ ನೋಡಿದೆ. ಸ್ವಚ್ಛ. ಹೊಸ ಗ್ಯಾಸ್ಕೆಟ್ ಹಾಸಿ ಹೆಡ್ಡನ್ನು ಅದರ ಮೇಲೆ ಇಳಿಸಿದೆ. ಬೋಲ್ಟು ಹಾಕಬೇಕು ಎನ್ನುವಷ್ಟರಲ್ಲಿ ಲಕ್ಕಲಕಟ್ಟಿಯ ರೈತನೊಬ್ಬ ಅಂಗಡಿಯ ಮುಂದೆ ಮೋಟಾರು ಇಟ್ಟುಕೊಂಡು ಫೋನು ಮಾಡಿದ. ಅವನಿಗೆ ನಾಲ್ಕು ಬೈದು, ಹೋಗಿ ಮೋಟಾರು ಒಳಗಿಟ್ಟು, ಮನೆಗೆ ಬಂದು ಊಟಕ್ಕೆ ಕೂತೆ. ತಟ್ಟೆಯಲ್ಲಿ ಮಾದ್ಲಿ ಇತ್ತು. ರೊಟ್ಟಿಯನ್ನು ಪುಡಿಮಾಡಿ, ಬೆಲ್ಲ, ಏಲಕ್ಕಿ, ತುಪ್ಪ ಹಾಕಿ ಕಲಸುವ ಸಿಹಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಯಾಕೆ ಮಾಡಿದೆ ಎಂದು ಕೇಳಿದೆ. ಸುಮ್ಮನೆ ಎಂದಳು.

ಊಟವಾದ ಮೇಲೆ ಎಂಟೂ ಹೊಸ ಬೋಲ್ಟುಗಳನ್ನು ಬೆರಳಿನಿಂದಲೇ ತಿರುವಿ ಇಳಿಸಿದೆ. ಏಳು ಬೋಲ್ಟುಗಳು ಸಲೀಸಾಗಿ ಇಳಿದವು. ಎಂಟನೆಯದು, ಗೋಡೆಯ ಕಡೆಯ ಮೂಲೆಯದು, ಕೊನೆಗೆ ಸ್ವಲ್ಪ ಹಟ ಮಾಡಿತು. ಹೊಸದಲ್ಲವೇ ಎಂದು ಬಿಟ್ಟೆ. ಪಾನಾವನ್ನು ಮೊದಲ ಸುತ್ತಿನ ಅಂಕಿಗೆ ತಿರುವಿದೆ. ನಡುವಿನದು ಟಕ್, ಎದುರಿನದು ಟಕ್. ಉಸಿರು ಕೂಡ ಆ ಸದ್ದಿಗೆ ಹೊಂದಿಕೊಂಡಿತ್ತು. ಏಳೂ ಆದವು. ಎಂಟನೆಯದಕ್ಕೆ ಪಾನಾ ಹಾಕಿ ಕಾಲು ಸುತ್ತೂ ಎಳೆದಿರಲಿಲ್ಲ, ಟಕ್ ಎಂದಿತು. ಆಗಿರಬಹುದು ಎಂದುಕೊಂಡು ಬೋಲ್ಟಿನ ತಲೆಯ ಕೆಳಗಿನ ವಾಶರಿಗೆ ಬೆರಳು ತಾಗಿಸಿದೆ. ವಾಶರು ತಿರುಗಿತು. ಬಿಗಿಯಾದ ಬೋಲ್ಟಿನ ಕೆಳಗೆ ವಾಶರು ತಿರುಗುವುದೆಂದರೇನು? ಪಾನಾ ಆಯಿತು ಅನ್ನುತ್ತದೆ, ವಾಶರು ಇಲ್ಲ ಅನ್ನುತ್ತದೆ.

ನನ್ನ ತಲೆ ಕೆಟ್ಟಿತು. ಬೋಲ್ಟು ಮಾರಿದವನಿಗೆ ಬೈದೆ, ಲೇಥಿನವನ ಇಡೀ ವಂಶಕ್ಕೆ ಬೈದೆ, ಕೊನೆಗೆ ರೋಣದ ಮಿಸ್ತ್ರಿಗೆ ಫೋನು ಹಚ್ಚಿ, ನಿಮ್ಮ ಪಾನಾ ಸುಳ್ಳು ಹೇಳುತ್ತದೆ ಎಂದು ಕೂಗಾಡಿದೆ. ಆ ಹಿರಿಯರು ನನ್ನ ಉಸಿರು ತೀರುವವರೆಗೆ ಕಾದರು. ಆಮೇಲೆ, ಬೋಲ್ಟು ಬಿಚ್ಚಿ ತುದಿ ನೋಡಿರಿ, ನೋಡಿ ಆಮೇಲೆ ಬೈಯಿರಿ ಎಂದು ಫೋನು ಇಟ್ಟರು.

ಬಿಚ್ಚಿದೆ. ಬೋಲ್ಟಿನ ತುದಿಗೆ ಕಂದು ಬಣ್ಣದ ಅಂಟು ಮೆತ್ತಿತ್ತು, ಥ್ರೆಡ್ಡುಗಳ ಸಂದಿಯಲ್ಲಿ ಹೊಳೆಯುತ್ತಿತ್ತು. ಗ್ರೀಸು ಎಂದುಕೊಂಡು ಮೂಗಿನ ಹತ್ತಿರ ಹಿಡಿದೆ. ಏಲಕ್ಕಿ, ತುಪ್ಪ, ಬೆಲ್ಲದ ವಾಸನೆ.

ಹೆಂಡತಿಯ ತವರಿನಲ್ಲಿ ಕೌದಿ ಹೊಲಿಯುವವರಿಗೆ ಒಂದು ಪದ್ಧತಿಯಿದೆ. ಸುತ್ತಲೂ ಹೊಲಿದು ಒಂದು ಮೂಲೆಯನ್ನು ತೆರೆದಿಡುತ್ತಾರೆ. ಆ ಮೂಲೆಯೊಳಗೆ ಒಂದು ಚೂರು ರೊಟ್ಟಿಯನ್ನೋ ಸಿಹಿಯನ್ನೋ ಇಟ್ಟು ಆಮೇಲೆ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹೊಟ್ಟೆ ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ. ತನ್ನವರಿಗೆಂದು ಹೊಲಿಯುವ ಕೌದಿಗೆ ಆಕೆ ಇದನ್ನು ತಪ್ಪಿಸಿದ್ದೇ ಇಲ್ಲ. ನಾನು ಅಂಗಡಿಗೆ ಹೋದಾಗ ಆಕೆ ಹೊಸ್ತಿಲು ದಾಟಿದ್ದಾಳೆ. ಎರಡು ವರ್ಷ ಕಣ್ಣೆತ್ತಿ ನೋಡದಿದ್ದ ಎಂಜಿನ್ನಿನ ಹತ್ತಿರ ಬಂದು, ಮುಚ್ಚುವ ಮೊದಲು, ಹೆಡ್ಡಿನ ಮೂಲೆಯ ತೂತಿನ ಮೂಲಕ ಒಂದು ಚಿಕ್ಕ ತುತ್ತು ಒಳಗೆ ಬಿಟ್ಟು ಹೋಗಿದ್ದಾಳೆ. ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕೈಯಲ್ಲಿ ಬೋಲ್ಟು ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ.

ಕೂಗಾಟ ಕೇಳಿ ಆಕೆ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಕಣ್ಣೊರೆಸಿಕೊಂಡು, ಇದರೊಳಗೆ ಏನು ಹಾಕಿದೆ ಎಂದು ಕೇಳಿದೆ. ಎಲ್ಲವೂ ಗೊತ್ತಿದ್ದೇ ಕೇಳಿದೆ.

"ಮುಚ್ಚತೀನಿ ಅಂದ್ರಿ. ಹಸದದ್ದನ್ನ ಹ್ಯಾಂಗ ಮುಚ್ಚೂದ್ರಿ?"

ತೂತಿನ ತಳದಲ್ಲಿ ಏನಾದರೂ ಇದ್ದರೆ ಏನಾಗುತ್ತದೆ ಎಂದು ಮಿಸ್ತ್ರಿ ಹೇಳಿದ್ದನ್ನು ಆಕೆಗೆ ಹೇಳಿದೆ. ಆಕೆಯ ಮುಖ ಇಳಿದುಹೋಯಿತು. ಹೊಸ್ತಿಲ ಮೇಲೆ ಕುಸಿದು ಕೂತು, ಹಾಗಾದರೆ ಬ್ಲಾಕು ಬಿರಿಯಿತೇ, ನನ್ನಿಂದ ಗಾಡಿ ಕೆಟ್ಟಿತೇ ಎಂದು ಕೇಳಿದಳು. ಬಿರಿದಿಲ್ಲ, ಮೊದಲ ಸುತ್ತಷ್ಟೇ ಆಗಿದೆ ಎಂದೆ. ಎರಡು ವರ್ಷದಿಂದ ಗಂಟಲಲ್ಲಿದ್ದ ಮಾತು ಆಗ ತಾನಾಗಿಯೇ ಹೊರಗೆ ಬಂತು.

"ನೀ ಕೆಡಿಸಿಲ್ಲ. ಅವತ್ತ ಕೆಡಿಸಿದಾಂವ ನಾ."

ಆಕೆ ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ ಹೇಳಿದಳು.

"ನಿಮ್ಮ ತಪ್ಪಿಲ್ಲ ಅಂತ ನಾ ಅನ್ನೂದಿಲ್ರಿ. ತಪ್ಪೈತಿ. ಎರಡ ವರ್ಷ ಆ ಸಿಟ್ಟ ಹಿಡಕೊಂಡ ಕುಂತೆ. ದಿನಾ ಈ ಬಾಗಲದಾಗಿಂದ ನಿಮ್ಮ ಬೆನ್ನ ನೋಡಿ ನೋಡಿ ಸಾಕಾಗೈತಿ ನನಗ."

ಇನ್ನೊಂದು ಮಾತನ್ನೂ ಆಗಲೇ ಹೇಳಿದಳು. ಎಂಜಿನ್ ಬಿಚ್ಚಿ ಬಿಗಿದವನು ನಾನೆಂದು ತವರಿನಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಗಾಡಿ ತಾನಾಗಿ ಕೆಟ್ಟಿತು ಎಂದಿದ್ದಳಂತೆ. ತಮ್ಮನಿಗೂ ಗೊತ್ತಿಲ್ಲ, ತಾಯಿಗೂ ಗೊತ್ತಿಲ್ಲ. ನಾನು ನರಗುಂದಕ್ಕೆ ಹೋದಾಗಲೆಲ್ಲ ಅತ್ತೆ ನನಗೆ ಮೊದಲಿನ ಹಾಗೆಯೇ ಬಿಸಿ ರೊಟ್ಟಿ ಬಡಿಸುತ್ತಿದ್ದರು. ಅವರ ಮನಸ್ಸು ದೊಡ್ಡದು ಎಂದು ನಾನು ತಿಳಿದಿದ್ದೆ. ಅವರಿಗೆ ಸಂಗತಿಯೇ ಗೊತ್ತಿರಲಿಲ್ಲ.

ಅಂದು ಮತ್ತೆ ಬಿಗಿಯಲಿಲ್ಲ. ಮಿಸ್ತ್ರಿಗೆ ಫೋನು ಮಾಡಿ ತಪ್ಪಾಯಿತು ಎಂದೆ. ಮಾದ್ಲಿಯ ಸಂಗತಿ ಕೇಳಿ ಅವರು ಕೆಮ್ಮು ಬರುವವರೆಗೆ ನಕ್ಕರು. ಅವರು ಹೇಳಿದಂತೆ ಬೋಲ್ಟುಗಳನ್ನು ಹೊರಗಿನಿಂದ ಒಳಗೆ, ಉಲ್ಟಾ ಕ್ರಮದಲ್ಲಿ ಸಡಿಲಿಸಿ ಹೆಡ್ ಎತ್ತಿದೆ. ಎಂಟನೆಯ ತೂತನ್ನು ಪೆಟ್ರೋಲಿನಿಂದ ತೊಳೆದು, ಸೀಮೆಎಣ್ಣೆ ತುಂಬಿ ಸಂಜೆಯವರೆಗೆ ಬಿಟ್ಟೆ. ಎಣ್ಣೆಯ ಮಟ್ಟ ಕೂದಲೆಳೆಯಷ್ಟೂ ಇಳಿಯಲಿಲ್ಲ, ಬಿರುಕಿರಲಿಲ್ಲ. ಎಣ್ಣೆ ಹೀರಿ ತೆಗೆದು ತೂತನ್ನು ಮತ್ತೆ ಒಣಗಿಸಿದೆ. ಗ್ಯಾಸ್ಕೆಟ್ಟು ಒಮ್ಮೆ ಒತ್ತಿಸಿಕೊಂಡಿದ್ದರೂ ನೋಡಲು ಹೊಸದರಂತೆಯೇ ಇತ್ತು. ಇದನ್ನೇ ಹಾಕು, ನಡೆಯುತ್ತದೆ ಎಂದಿತು ಮನಸ್ಸು. ನಡೆಯುತ್ತದೆ ಎಂದೇ ಅಲ್ಲವೇ ಹಿಂದಿನ ಸಲ ಹಳೆಯ ಬೋಲ್ಟು ಹಾಕಿದ್ದು? ಮರುದಿನ ಮೊದಲ ಬಸ್ಸಿಗೆ ಗದುಗಿಗೆ ಹೋಗಿ ಬೇರೆಯದನ್ನು ತಂದೆ. ಡಬ್ಬಿಯಲ್ಲಿ ಮಾದ್ಲಿ ಇನ್ನೂ ಉಳಿದಿತ್ತು. ಎಂಜಿನ್ನಿನೊಳಗೆ ಇಡಬಾರದೆಂದರೆ ಇನ್ನೆಲ್ಲಿ ಇಡಬೇಕು ಎಂದು ಹೆಂಡತಿ ಕೇಳಿದಳು. ಬಿಗಿಯುವವನ ಹೊಟ್ಟೆಗೆ ಹಾಕು, ಅದೂ ಹಸಿದಿದೆ ಎಂದೆ. ಎರಡು ವರ್ಷದ ಮೇಲೆ ಆಕೆ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

ಆ ಮಧ್ಯಾಹ್ನ ಆಕೆ ಹಿತ್ತಲಿಗೆ ಬಂದು ಮಣೆ ಹಾಕಿಕೊಂಡು ಕೂತಳು. ಬಿಗಿಯುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಆಕೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಳಪದಿಂದ, ಟಕ್ ಎಂದ ಬೋಲ್ಟಿನ ತಲೆಯ ಮೇಲೆ ಒಂದೊಂದು ಗೆರೆ ಎಳೆಯುತ್ತ ಹೋದಳು. ಮೊದಲ ಸುತ್ತಿಗೆ ಒಂದು ಗೆರೆ, ಎರಡನೆಯದಕ್ಕೆ ಎರಡು. ನಾನು ಮೂರನೆಯ ಸುತ್ತಿನಲ್ಲಿ ಐದನೆಯದನ್ನು ಬಿಟ್ಟು ಆರನೆಯದಕ್ಕೆ ಪಾನಾ ಹಾಕಿದಾಗ ಕೈ ಹಿಡಿದು ನಿಲ್ಲಿಸಿದಳು. ಬೇರೆ ದಿನವಾಗಿದ್ದರೆ 'ನನಗೆ ಗೊತ್ತು' ಎಂದು ಹಾರಾಡುತ್ತಿದ್ದೆ. ಅಂದು ಸುಮ್ಮನೆ ಹಿಂದೆ ಸರಿದೆ. ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ಅವುಗಳ ನೆರಳು ನಮ್ಮ ಹಿತ್ತಲಿನವರೆಗೂ ಬಂದು ಹೋಗುತ್ತಿದೆ ಎಂದು ನನಗನ್ನಿಸಿತು. ಅಷ್ಟು ದೂರ ಬರುವುದು ಸಾಧ್ಯವಿಲ್ಲ, ಆದರೂ ನನಗೆ ಹಾಗೆಯೇ ನೆನಪಿದೆ. ಎಂಟನೆಯ ಬೋಲ್ಟು ಕೊನೆಯ ಸಲ ಟಕ್ ಎಂದಾಗ ನಾವಿಬ್ಬರೂ ಒಟ್ಟಿಗೆ ವಾಶರು ಮುಟ್ಟಿ ನೋಡಿದೆವು. ಅದು ಅಲುಗಲಿಲ್ಲ.

ಎಂಜಿನ್ ಗಾಡಿಗೆ ಏರಿ, ನೀರು ಎಣ್ಣೆ ತುಂಬಿ, ಚಾಲೂ ಆಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಚಾಲೂ ಮಾಡಿ ಒಂದು ಗಂಟೆ ಹಾಗೇ ಬಿಟ್ಟೆವು. ಹಬೆಯಿಲ್ಲ, ಸೋರುವುದಿಲ್ಲ. ಮರುದಿನ ನಾನೊಬ್ಬನೇ ರೋಣದವರೆಗೆ ಓಡಿಸಿ, ಪಾನಾ ಕೊಟ್ಟು ಬಂದೆ. ಹಿಂದಿರುಗಿದಾಗ ಹೆಂಡತಿ ಒಳ್ಳೆಯ ಸೀರೆ ಉಟ್ಟು ಪಡಸಾಲೆಯಲ್ಲಿ ನಿಂತಿದ್ದಳು. ಬಾಗಿಲು ತೆಗೆದು ನನ್ನ ಪಕ್ಕದಲ್ಲಿ ಕೂತಳು. ನನ್ನ ಮನಸ್ಸಿನ ಕರಾರು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

"ನರಗುಂದಕ್ಕ ಹೋಗೂಣ್ರಿ. ಅವ್ವನ್ನ ನಾಕ ದಿನ ಕರಕೊಂಡ ಬರೂಣು. ಖರೇ ಆಕಿ ಗಾಡ್ಯಾಗ ಕುಂಡ್ರೂಕಿಂತ ಮೊದಲ ನೀವ ಎಲ್ಲಾ ಹೇಳಬೇಕು. ಕೇಳಿದ ಮ್ಯಾಲೂ ಕುಂತ್ರ ಕುಂತಳು, ಇಲ್ಲಂದ್ರ ಇಲ್ಲ."

ಗಾಡಿಯನ್ನು ನರಗುಂದದ ಕಡೆ ತಿರುಗಿಸಿದೆ. ದಾರಿಯುದ್ದಕ್ಕೂ ಎಂಜಿನ್ ನಿದ್ದೆಹೋದ ಮಗುವಿನ ಉಸಿರಿನಷ್ಟು ಸಮವಾಗಿ ಓಡಿತು. ಈ ಸಲವೂ ಕೆಟ್ಟು ನಿಲ್ಲಬಾರದೇ, ನರಗುಂದ ಬರದೇ ಹೋಗಬಾರದೇ ಎಂದು ನಾನು ಬಯಸಿದ್ದು ಸುಳ್ಳಲ್ಲ. ಕಪ್ಪು ಹೊಲಗಳು ತೇಲಿ ತೇಲಿ ಹಿಂದೆ ಹೋದವು, ನರಗುಂದದ ಗುಡ್ಡ ಎದ್ದು ನಿಂತಿತು.

ಅತ್ತೆ ಬಾಗಿಲ ಕಟ್ಟೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹೆಂಡತಿ ಒಳಗೆ ಹೋಗಲಿಲ್ಲ, ನನ್ನ ಪಕ್ಕದಲ್ಲೇ ನಿಂತಳು. ನಾನು ಚಪ್ಪಲಿ ಕಳಚಿ, ನಿಂತುಕೊಂಡೇ ಎಲ್ಲ ಹೇಳಿದೆ. ಎಂಜಿನ್ ಬಿಚ್ಚಿದವನು ನಾನು, ಹಳೆಯ ಬೋಲ್ಟು ಹಾಕಿದವನು ನಾನು, ಅಳತೆಯಿಲ್ಲದೆ ಬಿಗಿದವನು ನಾನು, ಅಂಬುಲೆನ್ಸು ಬೇಡವೆಂದವನೂ ನಾನೇ. ಹೇಳುತ್ತಿದ್ದಂತೆ ಅವರ ಬೆರಳುಗಳು ನಿಂತವು. ನಾನು ಮುಗಿಸಿದ ಮೇಲೆ ಅವರು ತಲೆಯೆತ್ತಿ ಕೇಳಿದರು.

"ಸರಿ ಬಿಗಿದಿಲ್ಲ ಅಂತ ಅವತ್ತ ನಿಮಗ ಗೊತ್ತಿತ್ತೇನ್ರಿ?"

ಇಲ್ಲ, ನನ್ನಷ್ಟು ಸರಿಯಾಗಿ ಬಿಗಿಯುವವರು ಇನ್ನಿಲ್ಲ ಎಂಬ ಸೊಕ್ಕಿತ್ತು ಎಂದೆ.

ಅವರು ಎದ್ದು ಸೀರೆ ಕೊಡವಿಕೊಂಡರು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡೆ. ಅವರು ಮೆಟ್ಟಿಲಿಳಿದು ಕಾರಿನ ಹತ್ತಿರ ಹೋದರು, ಕಿಟಕಿಯ ಗಾಜಿಗೆ ಎರಡೂ ಕೈ ಮರೆಮಾಡಿ ಒಳಗೆ ಇಣುಕಿದರು. ಮಾವ ಯಾವ ಕಡೆ ತಲೆ ಇಟ್ಟು ಮಲಗಿದ್ದರು ಎಂದು ಮಗಳನ್ನು ಕೇಳಿದರು. ಹೆಂಡತಿ ಹಿಂದಿನ ಸೀಟಿನ ಎಡಗಡೆಯನ್ನು ತೋರಿಸಿದಳು. ಅತ್ತೆ ಸುತ್ತಿಕೊಂಡು ಆ ಕಡೆ ಹೋಗಿ ನಿಂತರು.

"ಈ ಬಾಗಲಾ ತಗೀರಿ" ಎಂದು ನನಗೆ ಹೇಳಿದರು.